ಮೀನಿನವರು ಇಳಿದ ಗುಡ್ಡೆದಾರಿ

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಊರಿಗೆ ಬಂದಾಗ ಕಾರಿನ ಹಿಂಬದಿಗೆ ಸೈಕಲೊಂದನ್ನು ಕಟ್ಟಿಕೊಂಡು ಬಂದಿದ್ದಳು. ದಪ್ಪ ಹಲ್ಲಿನ ಟಯರು, ಎದುರು ಚಕ್ರಕ್ಕೆ ಶಾಕ್ ಅಬ್ಸಾರ್ಬರು, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು. ಕಾಸರಗೋಡು ಜಿಲ್ಲೆಯ ಪೈವಳಿಕೆಯ ಮನೆಯ ಅಂಗಳದಲ್ಲಿ ಅದನ್ನು ಇಳಿಸಿದವಳೇ ಫೋನಿನಲ್ಲಿ ನಕ್ಷೆ ತೆರೆದು ಮಾವನ ಎದುರು ಹಿಡಿದಳು. ಧರ್ಮತ್ತಡ್ಕದ ಕಡೆಯಿಂದ ಪೊಸಡಿಗುಂಪೆ ಗುಡ್ಡೆಯ ನೆತ್ತಿಗೆ ಹತ್ತಿ ಇನ್ನೊಂದು ಮಗ್ಗುಲಿಗೆ ಇಳಿಯುವ ಕೆಂಪು ಗೆರೆಯೊಂದು ಅದರಲ್ಲಿತ್ತು. ಯಾರೋ ಸೈಕಲಿಗರು ಹೋಗಿಬಂದು ಗುರುತು ಮಾಡಿದ್ದು.

"ಮಾವ, ಈ ದಾರಿ ನಿಮಗೆ ಗೊತ್ತುಂಟಾ? ಇಳಿಲಿಕ್ಕೆ ಆಗ್ತದಾ?"

ಐವತ್ತು ದಾಟಿದ ಅವನು ಕನ್ನಡಕ ಏರಿಸಿ ನೋಡಿದ. ಮೇಲಿನ ಅರ್ಧ ದಾರಿ ಗೊತ್ತಿದ್ದದ್ದೇ. ಕೆಳಗಿನ ಅರ್ಧ ಮಾತ್ರ ಗುಡ್ಡೆಯನ್ನು ನೇರ ಸೀಳಿಕೊಂಡು ಬರುತ್ತಿತ್ತು. ಅವನ ಕಾಲದಲ್ಲಿ ಆ ಕಡೆಯಿಂದ ಯಾರೂ ಸೈಕಲ್ ಇಳಿಸುತ್ತಿರಲಿಲ್ಲ. ಇಳಿಸಲು ಹೊರಟ ಹುಡುಗರನ್ನು ನಿಲ್ಲಿಸಿ ಬೈಯುವ ಹಿರಿಯರು ಪ್ರತಿ ತಿರುವಿನಲ್ಲೂ ಇದ್ದರು.

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಅವನು ಆಗ ಹೈಸ್ಕೂಲು ಹುಡುಗ. ಜಿಲ್ಲೆ ಬಂತೆಂದು ಪೇಟೆಯಲ್ಲಿ ಮಾತು ಜೋರಾಗಿತ್ತೇ ಹೊರತು ಗುಡ್ಡೆಯ ಆಚೆಬದಿಯ ಮನೆಗಳಿಗೆ ಬಸ್ಸು ಬಂದಿರಲಿಲ್ಲ. ಶಾಲೆ, ರೇಶನ್ ಅಂಗಡಿ, ಆಸ್ಪತ್ರೆ, ದೈವದ ನೇಮ, ಎಲ್ಲಿಗೆ ಹೋಗಬೇಕಾದರೂ ಪದವು ದಾಟಬೇಕು. ಪದವು ಅಂದರೆ ಮುರಕಲ್ಲಿನ ಚಪ್ಪಟೆ ನೆತ್ತಿ: ಮೈಲಿಗಟ್ಟಲೆ ಹರಡಿಕೊಂಡ ಕೆಂಪು ಹಾಸು, ಅಲ್ಲಲ್ಲಿ ಮುಳಿಹುಲ್ಲು, ಚೂರಿಮುಳ್ಳಿನ ಪೊದೆ, ಕೇಪುಳ, ಕುಂಟಾಲ. ಪೊಸಡಿಗುಂಪೆಯ ಎತ್ತರ ಸಮುದ್ರಮಟ್ಟದಿಂದ 1060 ಅಡಿ. ಘಟ್ಟದ ಲೆಕ್ಕದಲ್ಲಿ ಅದು ಸಣ್ಣ ಗುಡ್ಡೆಯೇ. ಆದರೂ ಮಳೆ ಬಿಟ್ಟ ಸಮಯದಲ್ಲಿ ಹತ್ತಿ ನಿಂತರೆ ಪಡುವಲಲ್ಲಿ ಅರಬಿ ಸಮುದ್ರ, ಬಡಗು ದಿಕ್ಕಿಗೆ ಮಂಗಳೂರು, ದೂರದಲ್ಲಿ ಕುದುರೆಮುಖದ ಬೆಟ್ಟಸಾಲು ಒಟ್ಟಿಗೇ ಕಾಣುತ್ತವೆ. ಹಾಗೆ ಕಂಡ ಬೆಟ್ಟಸಾಲಿಗೆ ಒಂದು ದಿನ ಸೈಕಲಿನಲ್ಲೇ ಹೋಗಬೇಕೆಂಬ ಆಸೆ ಅವನಿಗೆ ಹುಟ್ಟಿದ್ದು ಅಲ್ಲಿ ನಿಂತಾಗಲೇ.

ಈ ಮುರಕಲ್ಲು ಭೂವಿಜ್ಞಾನಿಗಳ ಪುಸ್ತಕಕ್ಕೆ ಲ್ಯಾಟರೈಟ್ ಎಂಬ ಹೆಸರಿನಲ್ಲಿ ಸೇರಿದ್ದು 1807ರಲ್ಲಿ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ್ದ ಫ್ರಾನ್ಸಿಸ್ ಬುಕಾನನ್ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದನ್ನು ನೋಡಿ ಬರೆದ. ನೆಲದೊಳಗಿರುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಗುಣ ಇದರದು. ಬೇಸಿಗೆಯಲ್ಲಿ ಸೈಕಲಿಗೆ ಇಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ. ಟಯರು ಹಿಡಿದು ನಿಲ್ಲುತ್ತದೆ, ಕೆಸರಿಲ್ಲ, ಮರಳಿಲ್ಲ. ಜೂನ್ ಬಂದರೆ ಎಲ್ಲವೂ ತಿರುಗುಮುರುಗು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಹಾಸಿನ ಮೇಲೆ ಪಾಚಿ ಕಟ್ಟಿತೆಂದರೆ ಬರಿಗಾಲಿನವನೂ ಜಾರುತ್ತಾನೆ. ಓಣಂ ಹೊತ್ತಿಗೆ ಅದೇ ಬಂಡೆಯ ತೆಳು ಮಣ್ಣಿನಲ್ಲಿ ನೀಲಿ ಹೂವು ಹಾಸುತ್ತದೆ. ಮಲಯಾಳಿ ಮಕ್ಕಳು ಕಾಕ್ಕಪ್ಪೂವು ಎಂದು ಕೊಯ್ದು ಹೂಕಳಕ್ಕೆ ಒಯ್ಯುವ ಆ ಯುಟ್ರಿಕ್ಯುಲೇರಿಯ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ ಎಂದು ಅವನಿಗೆ ತಿಳಿದದ್ದು ಬಹಳ ತಡವಾಗಿ.

ದೊಡ್ಡ ರಜೆಯಲ್ಲಿ ಅವನು ಸೈಕಲ್ ಶಾಪಿನಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದ. ಕವಲುದಾರಿಯ ಬಾಯಿಯಲ್ಲಿ ಸೋಗೆ ಮಾಡಿನ ಸಣ್ಣ ಅಂಗಡಿ. ಹೊರಗೆ ಸಾಲಾಗಿ ನಿಂತ ಬಾಡಿಗೆ ಸೈಕಲುಗಳು, ಒಳಗೆ ಹಗ್ಗದಲ್ಲಿ ನೇತುಹಾಕಿದ ರಿಮ್ಮುಗಳು. ಯಜಮಾನನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಬಂದವರೊಡನೆ ಅವರವರ ಭಾಷೆಯಲ್ಲೇ ವ್ಯವಹಾರ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಯಾವುದಕ್ಕೂ ಅವರು ತಡವರಿಸಿದ್ದಿಲ್ಲ. ಪಂಕ್ಚರಾದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು, ಚಕ್ರದ ಬೆಂಡ್ ತೆಗೆಯುವುದು, ಚೈನು ಬಿಗಿಮಾಡುವುದು ಎಲ್ಲವನ್ನೂ ಅವನು ಕಲಿತದ್ದು ಅಲ್ಲಿ. ಅತಿ ಹೆಚ್ಚು ಸಮಯ ಹಿಡಿಯುತ್ತಿದ್ದದ್ದು ಚಕ್ರದ ನಡುವಿನ ಹಬ್ಬಿನ ಕೆಲಸ. ಗುಡ್ಡೆ ಇಳಿದು ಬಂದ ಸೈಕಲಿನ ಹಬ್ಬಿನೊಳಗೆ ಕೆಂಪು ಹುಡಿ ತುಂಬಿ ಗ್ರೀಸು ಕಲ್ಲಾಗಿರುತ್ತಿತ್ತು. ಬಿಚ್ಚಬೇಕು, ಗುಂಡುಗಳನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆಯಬೇಕು, ಹೊಸ ಗ್ರೀಸು ಮೆತ್ತಿ ಪುನಃ ಕೂರಿಸಬೇಕು.

ಇದೇ ಕೆಲಸ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಂದು ಕ್ರೀಡೆಯ ಚರಿತ್ರೆಗೆ ಸೇರಿಹೋಗಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರು. 1976ರ ಅಕ್ಟೋಬರ್ 21ರಂದು ಅಲ್ಲಿನ ಒಂದು ಗುಂಪು ಹಳೆ ಶ್ವಿನ್ ಸೈಕಲುಗಳನ್ನು ಗುಡ್ಡದ ಮಣ್ಣುರಸ್ತೆಯಲ್ಲಿ ಪೈಪೋಟಿಯಿಂದ ಇಳಿಸಿತು. ಸುಮಾರು ಮೂರೂವರೆ ಕಿಲೋಮೀಟರ್ ದಾರಿಯಲ್ಲಿ 1300 ಅಡಿ ಇಳಿಜಾರು. ಹಿಂದಕ್ಕೆ ತುಳಿದರೆ ಬ್ರೇಕು ಬೀಳುವ ಹಬ್ಬುಗಳು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ. ಪ್ರತಿ ಇಳಿತದ ನಂತರ ಹೊಸ ಗ್ರೀಸು ತುಂಬಬೇಕಾದ್ದರಿಂದ ಆ ದಾರಿಗೆ ರಿಪ್ಯಾಕ್ ಎಂದೇ ಹೆಸರು ಬಿತ್ತು. ಆ ಗುಂಪಿನ ಜೋ ಬ್ರೀಜ್ ಮರುವರ್ಷ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಸೇರಿ ಅಂಥ ಸೈಕಲುಗಳನ್ನು ವ್ಯಾಪಾರಕ್ಕೆ ತಂದರು. ಇಪ್ಪತ್ತು ವರ್ಷ ಕಳೆದು 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿಂಗ್ ಪದಕದ ಆಟವಾಯಿತು.

ಪೈವಳಿಕೆಯ ಪದವಿನಲ್ಲಿ ಇದರ ಸುದ್ದಿ ಇರಲಿಲ್ಲ. ಇಲ್ಲಿ ಗುಡ್ಡೆ ಇಳಿಯುತ್ತಿದ್ದವರು ಹೊಟ್ಟೆಪಾಡಿಗೆ ಇಳಿಯುತ್ತಿದ್ದರು. ಅವರಲ್ಲಿ ಮೊದಲಿಗರು ಮೀನಿನವರು.

ಮೀನಿನ ಕಾಕ ನಸುಕಿಗೆ ಉಪ್ಪಳದ ಕಡಲ ಬದಿಯಿಂದ ಹೊರಟು ಬಿಸಿಲೇರುವ ಹೊತ್ತಿಗೆ ಪೈವಳಿಕೆ ಮುಟ್ಟುತ್ತಿದ್ದರು. ಕ್ಯಾರಿಯರಿನ ಮೇಲೆ ಹಳೆ ಟ್ಯೂಬಿನಿಂದ ಬಿಗಿದ ದೊಡ್ಡ ಬುಟ್ಟಿ, ಅದರೊಳಗೆ ಬಂಗುಡೆ, ಬೂತಾಯಿ, ಮೇಲೆ ಬಾಳೆಲೆ. ಪೇಟೆಯಲ್ಲಿ ಅರ್ಧ ಮಾರಿ ಉಳಿದರ್ಧಕ್ಕೆ ಗುಡ್ಡೆ ಹತ್ತುತ್ತಿದ್ದರು. ಆಚೆಯ ಮನೆಗಳಿಗೆ ಮೀನು ತರುವವರು ಬೇರೆ ಯಾರೂ ಇರಲಿಲ್ಲ. ಏರಿನಲ್ಲಿ ಸೈಕಲ್ ನೂಕುವುದು, ಇಳುಕಲಿನಲ್ಲಿ ಒಂದೇ ಪೆಡಲಿನ ಮೇಲೆ ನಿಂತು ಮೈಯನ್ನು ಗುಡ್ಡೆಯ ಕಡೆಗೆ ವಾಲಿಸಿ ಇಳಿಯುವುದು. ಗೇರಿಲ್ಲ, ರಾಡಿನ ಬ್ರೇಕು, ಬ್ರೇಕ್ ಕಟ್ಟೆ ಸವೆದರೆ ಟಯರಿನ ತುಂಡು. ಹೀಗಿದ್ದೂ ಅವರು ಬಿದ್ದದ್ದನ್ನು ಅವನು ನೋಡಲಿಲ್ಲ.

ಅದಕ್ಕೆ ಕಾರಣ ಅವರು ಹಿಡಿಯುತ್ತಿದ್ದ ದಾರಿ. ಕಾಕ ಎಂದೂ ನೇರ ಇಳಿಯುತ್ತಿರಲಿಲ್ಲ. ನೆತ್ತಿಯಿಂದ ತೆಂಕು ದಿಕ್ಕಿಗೆ ಓರೆಯಾಗಿ ಹೊರಟು, ದೊಡ್ಡ ಗೇರುಮರದ ಹತ್ತಿರ ಹಿಂದಕ್ಕೆ ತಿರುಗಿ, ಮತ್ತೆ ಓರೆಯಾಗಿ ಬಡಗಿಗೆ ಸಾಗಿ, ಹೀಗೆ ಗುಡ್ಡೆಯ ಮೈಯನ್ನು ಸವರಿಕೊಂಡೇ ಬೈಲಿಗೆ ಬರುತ್ತಿದ್ದರು. ಹುಡುಗರು ಹತ್ತು ನಿಮಿಷ ಉಳಿಸಲು ನೇರ ಇಳಿಯುವ ಜಾಡು ಮಾಡಿಕೊಂಡಾಗ ಅದರ ಬಾಯಿಗೆ ಮುಳ್ಳಿನ ಗೆಲ್ಲು ಎಳೆದು ಹಾಕಿದವರೂ ಅವರೇ. ಆ ಗೆಲ್ಲನ್ನು ತೆಗೆಯದಂತೆ ನೋಡಿಕೊಂಡವನು ಗುಡ್ಡೆಯ ಬುಡದಲ್ಲಿದ್ದ, ಸುರಂಗ ತೋಡುವ ಮುದುಕ.

ಕಾಸರಗೋಡಿನ ಸುರಂಗಗಳ ಬಗ್ಗೆ ಓದುಗರು ಕೇಳಿರಬಹುದು. ಗುಡ್ಡೆಯ ಮಗ್ಗುಲಿಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಬಿಲ ಕೊರೆದು, ಒಳಗಿನ ಒಸರನ್ನು ಹೊರಗೆ ಹರಿಸಿಕೊಳ್ಳುವ ಪದ್ಧತಿ. ಪಂಪು ಬೇಡ, ಕರೆಂಟು ಬೇಡ. ಜಿಲ್ಲೆಯಲ್ಲಿ ಇಂಥವು ಸಾವಿರಾರು ಇವೆ, ಅಡಿಕೆ ತೋಟಗಳು ನಿಂತದ್ದೇ ಇವುಗಳ ಬಲದಲ್ಲಿ. ಸುರಂಗಕ್ಕೆ ನೀರು ಬರಬೇಕಾದರೆ ಮೇಲಿನ ಪದವಿನಲ್ಲಿ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಒಳಗೆ ಇಂಗಬೇಕು. ನೇರ ಇಳಿಯುವ ಜಾಡು ಒಂದೇ ಮಳೆಗಾಲದಲ್ಲಿ ಚರಂಡಿಯಾಗುತ್ತದೆ, ಎರಡನೆಯದರಲ್ಲಿ ಕೊರಕಲು. ಮೇಲಿನ ನೀರೆಲ್ಲ ಮಣ್ಣನ್ನೂ ಎಳೆದುಕೊಂಡು ತೋಡಿಗೆ ಹೋಗುತ್ತದೆ, ಸುರಂಗದ ಒಸರು ಸಣ್ಣದಾಗುತ್ತದೆ. ಓರೆ ದಾರಿಯಲ್ಲಿ ಹಾಗಿಲ್ಲ, ನೀರು ದಾರಿಯನ್ನು ಅಡ್ಡ ದಾಟಿ ಹುಲ್ಲಿಗೆ ಹೋಗುತ್ತದೆ. "ಸೈಕಲಿನ ಗುರುತು ನಾಳೆ ನೀರಿನ ದಾರಿ, ಗೊತ್ತುಂಟಾ?" ಎಂದು ಆ ಮುದುಕ ಗದರಿಸಿದ್ದು ಅವನ ಕಿವಿಯಲ್ಲಿ ಇವತ್ತಿಗೂ ಇದೆ.

ಇವತ್ತು ಮೌಂಟನ್ ಬೈಕಿನ ಹಾದಿ ಕಟ್ಟುವ ತಜ್ಞರು ಹೇಳುವ ಮೊದಲ ಪಾಠವೂ ಇದೇ. ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಅಲ್ಲಲ್ಲಿ ಸಣ್ಣ ತಗ್ಗು ಬಿಟ್ಟು ನೀರನ್ನು ಪಕ್ಕಕ್ಕೆ ಕಳಿಸಬೇಕು. ಅಳತೆಪಟ್ಟಿ ಇಲ್ಲದೆ, ಕಾಲಂದಾಜಿನಲ್ಲಿ, ಮೀನಿನವರೂ ತಲೆಹೊರೆಯವರೂ ಹಾಕಿಕೊಂಡ ದಾರಿಗಳು ಆ ನಿಯಮಕ್ಕೆ ಹೊಂದುತ್ತವೆ. ಈ ತಿಳಿವಳಿಕೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಹಾಗೆಂದು ಆ ಕಾಲವನ್ನು ಬರೀ ಚಂದವೆಂದು ನೆನೆಯುವುದು ಸುಳ್ಳಾಗುತ್ತದೆ. ಮೊದಲನೆಯದಾಗಿ, ಗುಡ್ಡೆಯ ಸೈಕಲ್ ಸುಖ ಗಂಡುಮಕ್ಕಳದು ಮಾತ್ರ. ಅವನು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯಲು ಕಲಿತ ಅದೇ ಪದವಿನಲ್ಲಿ ಅಕ್ಕ ಸೊಪ್ಪಿನ ಹೊರೆ ಹೊತ್ತು ನಡೆಯುತ್ತಿದ್ದಳು. ಅವಳಿಗೆ ಅವನಿಗಿಂತ ಓದು ಚೆನ್ನಾಗಿ ಹತ್ತುತ್ತಿತ್ತು, ಹೈಸ್ಕೂಲು ಅವಳಿಗೂ ಅಷ್ಟೇ ದೂರ ಇತ್ತು. ಸೈಕಲ್ ಕಲಿಸುವ ಮಾತು ಮನೆಯಲ್ಲಿ ಒಮ್ಮೆಯೂ ಬರಲಿಲ್ಲ. ಹೆಣ್ಣುಹುಡುಗಿ ಗುಡ್ಡೆಯಲ್ಲಿ ಒಬ್ಬಳೇ ಸೈಕಲ್ ಬಿಟ್ಟರೆ ಊರು ಏನೆಂದೀತು ಎಂಬ ಅಂಜಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಯಾರಿಗೂ ಬರುತ್ತಿರಲಿಲ್ಲ. ಅದು ಅನ್ಯಾಯ. ಊರಿನ ಅರ್ಧ ಜನರನ್ನು ಹೊರಗಿಟ್ಟ ಸ್ವಾತಂತ್ರ್ಯವದು.

ಎರಡನೆಯದು ಇನ್ನೂ ಕಹಿ. ರಜೆಯಲ್ಲಿ ಪೆರ್ಲದ ಕಡೆಯ ನೆಂಟರ ಮನೆಗೆ ಹೋದರೆ ಹುಡುಗರಿಗೆ ಅಲ್ಲಿನ ಗೇರುತೋಟಗಳೇ ಸೈಕಲ್ ಮೈದಾನ. ಜೀಪು ಹೋಗಲೆಂದು ಗುಡ್ಡೆ ಸುತ್ತಿಸಿ ಮಾಡಿದ ಮಣ್ಣುರಸ್ತೆಗಳು, ಎರಡೂ ಬದಿ ನೆರಳು, ಏಪ್ರಿಲಿನಲ್ಲಿ ಗೇರುಹಣ್ಣಿನ ವಾಸನೆ. ಹೂಬಿಡುವ ಕಾಲಕ್ಕೆ ಹೆಲಿಕಾಪ್ಟರ್ ಬರುತ್ತಿತ್ತು. ಸದ್ದು ಕೇಳಿದರೆ ಮಕ್ಕಳೆಲ್ಲ ನೋಡಲು ಓಡುವುದು, ಸೈಕಲಿದ್ದವರು ಅದರ ಬೆನ್ನು ಹತ್ತುವುದು. ಅದು ಚೆಲ್ಲುತ್ತಿದ್ದದ್ದು ಎಂಡೋಸಲ್ಫಾನ್. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೂ ಆ ತೋಟಗಳ ಮೇಲೆ ಆಕಾಶದಿಂದ ವಿಷ ಬಿತ್ತು. ಕರುಗಳು ಅಂಗ ಊನವಾಗಿ ಹುಟ್ಟುತ್ತಿರುವುದನ್ನು ಮೊದಲು ಲೋಕಕ್ಕೆ ತಿಳಿಸಿದವರು ಇದೇ ಮಣ್ಣಿನ ಪತ್ರಕರ್ತ ಶ್ರೀಪಡ್ರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಪನತ್ತಡಿ ಸೇರಿ ಹನ್ನೊಂದು ಪಂಚಾಯತುಗಳು ಪೀಡಿತ ಎಂದು ಗುರುತಾದವು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಬಳಕೆ ನಿಲ್ಲಿಸಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿದ್ದು 2017ರ ಜನವರಿಯಲ್ಲಿ. ಆ ನೆರಳಿನ ರಸ್ತೆಗಳಲ್ಲಿ ಜೊತೆಗೆ ಸೈಕಲ್ ಬಿಟ್ಟವರ ಮನೆಗಳಲ್ಲಿ ಈಗ ಹಾಸಿಗೆ ಬಿಟ್ಟೇಳದ ಮಕ್ಕಳಿದ್ದಾರೆ. ಬಾಲ್ಯದ ಆ ಭಾಗವನ್ನು ನೆನೆಯುವಾಗಲೆಲ್ಲ ಅವನಿಗೆ ಮಾತು ಕಟ್ಟುತ್ತದೆ.

ತೊಂಬತ್ತರ ದಶಕದಲ್ಲಿ ಕೆಲಸ ಅವನನ್ನು ಕಾರ್ಕಳಕ್ಕೆ ಒಯ್ಯಿತು. ಪ್ರೆಸ್ಸಿನಲ್ಲಿ ಪ್ರೂಫು ನೋಡುವ ಕೆಲಸ, ಸಂಬಳದಲ್ಲಿ ಉಳಿಸಿ ಕೊಂಡ ಸೆಕೆಂಡ್‌ಹ್ಯಾಂಡ್ ಹೀರೋ ರೇಂಜರ್. ದಪ್ಪ ಟಯರಿನ, ನೇರ ಹ್ಯಾಂಡಲಿನ ಆ ಸೈಕಲನ್ನು ಆಗಿನ ಹುಡುಗರು ಬಹಳ ಆಸೆಯಿಂದ ನೋಡುತ್ತಿದ್ದರು. ಭಾನುವಾರ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತುತ್ತಿದ್ದ. ಪೊಸಡಿಗುಂಪೆಯಿಂದ ನೀಲಿ ಗೆರೆಯಾಗಿ ಕಂಡಿದ್ದ ಬೆಟ್ಟಸಾಲಿನ ಒಳಗೇ ಈಗ ರಸ್ತೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್, ಶಿಖರದ ಎತ್ತರ 1,894 ಮೀಟರ್. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಅಲ್ಲಿನ ಗಂಗಾಮೂಲದಲ್ಲಿ. ಎಸ್.ಕೆ. ಬಾರ್ಡರ್ ಎಂಬ ಜಾಗದ ನಂತರ ಶೋಲಾ ಕಾಡು ಹಿಂದೆ ಸರಿದು ಹುಲ್ಲುಗುಡ್ಡ ತೆರೆದುಕೊಳ್ಳುವಾಗ ಅವನು ಸೈಕಲ್ ನಿಲ್ಲಿಸಿ ಬಹಳ ಹೊತ್ತು ನಿಲ್ಲುತ್ತಿದ್ದ.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಆಗ ನಡೆಯುತ್ತಿತ್ತು. ಬೆಟ್ಟ ಕಡಿದು ಪುಡಿಮಾಡಿದ ಅದಿರು ನೀರಿನೊಡನೆ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಭದ್ರೆಗೆ ಸೇರುವ ಹೂಳಿನ ವಿಚಾರ ನ್ಯಾಯಾಲಯದವರೆಗೆ ಹೋಗಿ, ಕೊನೆಗೆ 2005ರ ಅಂತ್ಯಕ್ಕೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಗಾರಿಕೆ ನಿಂತಿತು. ಆದರೆ ಸೈಕಲಿಗನ ಕಣ್ಣಿಗೆ ಅಲ್ಲಿ ಬಿದ್ದದ್ದು ಇನ್ನೊಂದು ಸಣ್ಣ ಸಂಗತಿ. ಹುಲ್ಲುಗುಡ್ಡದ ಮೇಲೆ ಎಂದೋ ಹತ್ತಿಸಿದ ಜೀಪಿನ ಗಾಲಿಯ ಗುರುತು ಮರುವರ್ಷವೂ ಅಲ್ಲೇ ಇತ್ತು, ಇನ್ನೂ ಆಳವಾಗಿ. ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆ ಹುಲ್ಲಿನ ಬೇರು ಹಿಡಿದಿಟ್ಟ ತೆಳು ಮಣ್ಣು ಒಮ್ಮೆ ಬಿರಿದರೆ ಮತ್ತೆ ಕೂಡುವುದಿಲ್ಲ. ಸುರಂಗದ ಮುದುಕ ಪೈವಳಿಕೆಯಲ್ಲಿ ಹೇಳಿದ್ದು ಇಲ್ಲಿ ಹತ್ತು ಪಾಲು ಖರೆ.

ಅಕ್ಕನ ಮಗಳ ತಲೆಯಲ್ಲಿದ್ದದ್ದು ಕೊನೆಗೆ ಇಂಥ ಗುಡ್ಡಗಳಲ್ಲಿ ಸೈಕಲ್ ಬಿಡಬಹುದೇ ಎಂಬ ಪ್ರಶ್ನೆ. ಅವಳು ಸೈಕಲ್ ಕಲಿತದ್ದು ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಕಾಡು ಕಾಡಾಗಿಯೇ ಇರಲಿ ಎಂದು ಸುತ್ತಲಿನ ನಿವಾಸಿಗಳು, ಸೈಕಲಿಗರು ಒಟ್ಟಾಗಿ ನಿಂತದ್ದನ್ನು ಅವಳು ಅಭಿಮಾನದಿಂದ ಹೇಳುತ್ತಾಳೆ. "ಮಾವ, ನಾವು ಪ್ಲಾಸ್ಟಿಕ್ ಬಿಸಾಡುವುದಿಲ್ಲ, ಸದ್ದು ಮಾಡುವುದಿಲ್ಲ, ಹೊಗೆ ಇಲ್ಲ. ನಡೆಯುವವರನ್ನು ಬಿಡುವುದಾದರೆ ಸೈಕಲ್ ಯಾಕೆ ಬಿಡಬಾರದು?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

ಉತ್ತರ ಹುಡುಕಲು ಅವರು ರಾಣಿಪುರಕ್ಕೆ ಹೋದರು. ಪನತ್ತಡಿ ಪಂಚಾಯತಿನಲ್ಲಿರುವ, ಕಾಞಂಗಾಡಿನಿಂದ ಮೂಡಕ್ಕೆ 48 ಕಿಲೋಮೀಟರ್ ದೂರದ ಈ ಗಿರಿಧಾಮಕ್ಕೆ ಹಿಂದೆ ಮಾಡತ್ತುಮಲ ಎಂದು ಹೆಸರಿತ್ತು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ ಇಲ್ಲಿ ರೈತರ ವಸಾಹತು ಮಾಡಿದ ಮೇಲೆ ರಾಣಿಪುರವಾಯಿತು. ಸುಮಾರು 750 ಮೀಟರ್ ಎತ್ತರದ ಹಳ್ಳಿ. ಅಲ್ಲಿಂದ ಮೇಲೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಲ್ನಡಿಗೆ. ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಇಲ್ಲ, ಆದರೆ ಈ ಕಾಡು ಗಡಿಯಾಚೆ ಕೊಡಗಿನ ತಲಕಾವೇರಿ ವನ್ಯಜೀವಿಧಾಮದ ಕಾಡಿಗೆ ಕೂಡಿಕೊಳ್ಳುತ್ತದೆ. ಆನೆಗಳಿಗೆ ಎರಡು ರಾಜ್ಯಗಳ ಲೆಕ್ಕ ಇಲ್ಲ.

ಸೈಕಲನ್ನು ಕೆಳಗೆ ಬಿಟ್ಟು ಹತ್ತಿದರು. ಕಾಡಿನೊಳಗಿನ ದಾರಿ ಬೇರುಗಳ ಮೇಲೆ ಹೋಗುತ್ತದೆ, ತಿರುವಿನಾಚೆ ಏನಿದೆ ಎಂದು ತಿಳಿಯುವುದಿಲ್ಲ. ದಾರಿಯಲ್ಲಿ ಆನೆಯ ಲದ್ದಿ ಕಂಡಾಗ ಅವಳೇ ನಿಂತಳು. ನಡೆಯುವವನು ಲದ್ದಿ ನೋಡುತ್ತಾನೆ, ವಾಸನೆ ಹಿಡಿಯುತ್ತಾನೆ, ಗೆಲ್ಲು ಮುರಿಯುವ ಸದ್ದಿಗೆ ನಿಲ್ಲುತ್ತಾನೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸದ್ದಿಲ್ಲದೆ ಇಳಿದು ಬರುವ ಸೈಕಲ್ ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲುತ್ತದೆ. ಸದ್ದಿಲ್ಲದಿರುವುದೇ ಅಲ್ಲಿ ಅಪಾಯ. ಮೇಲೆ ಹುಲ್ಲುಗುಡ್ಡದಲ್ಲಿ, ಜನ ನಡೆದೂ ನಡೆದೂ ಕಾಲುದಾರಿ ಅಗಲವಾಗಿ ಮಣ್ಣು ತೆರೆದ ಜಾಗ ಕಂಡಿತು. ಬೂಟಿಗೇ ಹೀಗಾದರೆ ಬ್ರೇಕು ಹಾಕಿ ಉಜ್ಜುವ ಟಯರಿಗೆ ಹೇಗಾದೀತು?

ಕಾನೂನೂ ಈ ಕಡೆಗೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಕರ್ನಾಟಕದ ಅರಣ್ಯ ಇಲಾಖೆ ಚಾರಣವನ್ನು ತಡೆದು, ನಂತರ ಆನ್‌ಲೈನ್ ಬುಕಿಂಗಿನ ಮಿತಿಗೆ ತಂದಿತು. ಅಮೆರಿಕದಲ್ಲಿ 1964ರ ಕಾಯಿದೆಯಡಿ ಘೋಷಿತವಾದ ವನ್ಯಪ್ರದೇಶಗಳಲ್ಲಿ ಸೈಕಲಿಗೆ ಪ್ರವೇಶವಿಲ್ಲ. ಮೌಂಟನ್ ಬೈಕಿಂಗ್ ಹುಟ್ಟಿದ ಮರಿನ್ ಕೌಂಟಿಯಲ್ಲೂ ಬಹುತೇಕ ಕಿರುದಾರಿಗಳಲ್ಲಿ ಸೈಕಲಿಗೆ ಅವಕಾಶವಿಲ್ಲ. ಸೈಕಲಿಗರು ಅಗಲದ ಮಣ್ಣುರಸ್ತೆಗಳಲ್ಲಿ ಗಂಟೆಗೆ 15 ಮೈಲಿ ಮೀರದಂತೆ, ಕುರುಡು ತಿರುವಿನಲ್ಲಿ 5 ಮೈಲಿಗೆ ಇಳಿಸಿ ಹೋಗಬೇಕು. ವರ್ಷಗಟ್ಟಲೆ ಜಗಳದ ನಂತರ ಅಲ್ಲಿ ಮೂಡಿದ ವಿವೇಕ ಇಷ್ಟು. ಅದನ್ನು ನಾವು ಜಗಳವಿಲ್ಲದೆ ಕಲಿಯಬಹುದು.

ಸೈಕಲಿಗೆ ಬೇಕಾದ್ದು ದಟ್ಟ ಕಾಡಲ್ಲ, ಮನುಷ್ಯರು ಈಗಾಗಲೇ ಓಡಾಡಿ ಪಳಗಿಸಿದ ಗುಡ್ಡೆ. ಎಂಟಿಬಿ ಕೇರಳ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆಯನ್ನು ವಯನಾಡಿನಲ್ಲಿ ನಡೆಸಿದಾಗ ಮಾನಂದವಾಡಿಯ ಪ್ರಿಯದರ್ಶಿನಿ ಚಹಾ ತೋಟದಲ್ಲಿ ನಡೆಸಿದರು, ಕಾಡಿನಲ್ಲಲ್ಲ. ಅದು ಸರಿಯಾದ ಆಯ್ಕೆ. ಆ ದೃಷ್ಟಿಯಿಂದ ಕಾಸರಗೋಡಿನ ಬಡಗು ಭಾಗಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಎಂಟು ತಿಂಗಳು ಒಣಗಿದ ಗಟ್ಟಿ ನೆಲ, ಮಿತಿಯ ಎತ್ತರ, ಕೆಳಗೆ ಬಂದರೆ ಚಾದಂಗಡಿ, ನಾಲ್ಕಾರು ಭಾಷೆ ಆಡುವ ಜನ.

ಆದರೆ ದಾರಿಗಳು ಉಳಿದಿವೆಯೇ? ಊರಿನವನಿಗೆ ಇದೇ ದೊಡ್ಡ ಚಿಂತೆ. ವರ್ಕಾಡಿಯ ನಂದಾರಪದವಿನಿಂದ ಶುರುವಾಗಿ ತಿರುವನಂತಪುರದ ಪಾರಶ್ಶಾಲದವರೆಗೆ ಹೋಗುವ ಮಲೆನಾಡ ಹೆದ್ದಾರಿ ಪೈವಳಿಕೆ, ಚೇವಾರಿನ ಮೇಲೆ ಹಾದಿದೆ. ಒಳ್ಳೆಯದೇ ಆಯಿತು. ಹೆರಿಗೆನೋವಿನ ಹೆಂಗಸನ್ನು ಕುರ್ಚಿಯಲ್ಲಿ ಹೊತ್ತು ಗುಡ್ಡೆ ಇಳಿಸಿದ ದಿನಗಳನ್ನು ಕಂಡವನು ರಸ್ತೆಯನ್ನು ಬೇಡ ಎನ್ನಲಾರ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಬಂದು 2021ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾಯಿತು. ವಿದ್ಯುತ್ತೂ ಬೇಕು. ಉಳಿದ ಪದವುಗಳಲ್ಲಿ ಕಲ್ಲಿನ ಕೋರೆಗಳು ಬಾಯಿ ತೆರೆದಿವೆ, ಮಿಷನ್ನಿನಲ್ಲಿ ಕೊಯ್ದು ಬಿಟ್ಟ ಚೌಕ ಗುಂಡಿಗಳಲ್ಲಿ ನೀರು ನಿಂತಿದೆ. ಪದವನ್ನು ಉಪಯೋಗವಿಲ್ಲದ ಬಂಜರು ಎಂದು ಬರೆದುಕೊಳ್ಳುವ ಕಡತಗಳಿಗೆ ಅಲ್ಲಿ ನೀರು ಇಂಗುವುದು, ಹೂ ಅರಳುವುದು, ಜನ ನಡೆಯುವುದು ಯಾವುದೂ ಕಾಣುವುದಿಲ್ಲ. ಬಸ್ಸು, ಬೈಕು, ರಿಕ್ಷಾ ಬಂದ ಮೇಲೆ ಕಾಲುದಾರಿಗಳಲ್ಲಿ ಯಾರೂ ನಡೆಯುತ್ತಿಲ್ಲ. ನಡೆಯದ ದಾರಿಗೆ ನಾಲ್ಕು ಮಳೆಗಾಲ ಸಾಕು, ಪೊದೆ ಮುಚ್ಚುತ್ತದೆ. ಐದನೆಯ ವರ್ಷ ಬೇಲಿ.

ಊರಿನಲ್ಲಿದ್ದ ಕೊನೆಯ ವಾರ ಅವರು ಮೀನಿನ ಕಾಕನ ದಾರಿ ಹುಡುಕಿದರು. ಕಾಕ ತೀರಿಹೋಗಿ ವರ್ಷಗಳಾದವು, ಸೈಕಲ್ ಶಾಪಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಮೊದಲ ತಿರುವು ಅವನಿಗೆ ಸಿಕ್ಕಿತು. ಎರಡನೆಯದು ಸಿಗಲಿಲ್ಲ, ದೊಡ್ಡ ಗೇರುಮರ ಇರಲಿಲ್ಲ. ಮರುದಿನ ಮಂಡಿನೋವಿನ ಅಕ್ಕ ತಾನೂ ಬರುತ್ತೇನೆಂದು ಹೊರಟಳು. ಟೀಚರಾಗಿ ನಿವೃತ್ತಿಯಾದ ಅವಳು ಆ ಗುಡ್ಡೆಗೆ ಕಾಲಿಡದೆ ಎಷ್ಟೋ ಕಾಲವಾಗಿತ್ತು. ಪೊದೆಗಳ ನಡುವೆ ಸ್ವಲ್ಪ ಹೊತ್ತು ನಿಂತು ನೋಡಿ ಬಲಕ್ಕೆ ಕೈ ತೋರಿಸಿದಳು. ಅಲ್ಲಿ ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲು ನೆಟ್ಟ ಎತ್ತರದ ಕಲ್ಲು ಬಳ್ಳಿಯಡಿ ಹಾಗೇ ಇತ್ತು. "ನೀನು ಸೈಕಲಿನಲ್ಲಿ ದಾಟಿಹೋದದ್ದು. ನಾನು ದಿನಾ ಇಲ್ಲಿ ನಿಂತದ್ದು" ಎಂದಳು. ಕಲ್ಲಿನಿಂದ ಕಲ್ಲಿಗೆ ಅವಳು ಹೇಳುತ್ತ ಹೋದಂತೆ ಮಗಳು ಫೋನಿನಲ್ಲಿ ಗುರುತು ಹಾಕುತ್ತ ಬಂದಳು. ಬೈಲಿನವರೆಗಿನ ಓರೆ ದಾರಿ ಪೂರ್ತಿ ಸಿಕ್ಕಿತು. ಸುರಂಗದಲ್ಲಿ ಸಣ್ಣಗೆ ನೀರು ಬರುತ್ತಿತ್ತು.

ಇಂಥ ದಾರಿಗಳು ಪುತ್ತಿಗೆಯಲ್ಲಿ, ಎಣ್ಮಕಜೆಯಲ್ಲಿ, ಬೆಳ್ಳೂರಿನಲ್ಲಿ, ದೇಲಂಪಾಡಿಯಲ್ಲಿ ಎಷ್ಟೋ ಇವೆ. ಅವನ್ನು ಕಾಲಿನಿಂದ ಬಲ್ಲವರಿಗೆಲ್ಲ ಅರುವತ್ತು, ಎಪ್ಪತ್ತು ದಾಟಿದೆ. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ರಸ್ತೆಗಳನ್ನು ಬರೆಯುವ ಹಾಗೆ ಕಾಲುದಾರಿಗಳನ್ನೂ ಬರೆಯಲು ಅವಕಾಶವಿದೆ. ಬರೆದರೆ ಬೇಲಿ ಹಾಕುವವರನ್ನು ಕೇಳಬಹುದು, ಕೋರೆಗೆ ಅನುಮತಿ ಕೊಡುವಾಗ ತೋರಿಸಬಹುದು, ಸೈಕಲ್ ತರುವ ಮಕ್ಕಳಿಗೆ ಇದರಲ್ಲಿ ಹೋಗಿ ಎನ್ನಬಹುದು. ನಿಮ್ಮ ವಾರ್ಡಿನ ಮುಂದಿನ ಗ್ರಾಮಸಭೆಗೆ ಹೋಗುವಾಗ ಗುಡ್ಡೆದಾರಿ ಬಲ್ಲ ಅಜ್ಜಿಯನ್ನೋ ಅಜ್ಜನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅವರು ಹೇಳುವ ದಾರಿಯ ಹೆಸರು, ಎಲ್ಲಿಂದ ಎಲ್ಲಿಗೆ ಎಂಬುದು ನಡಾವಳಿಯಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.